ಇಮಾಮಸಾಬ್ ಮಾಸ್ತರರ ಕಲ್ಲು, ನನ್ನ ಇಂಗ್ಲಿಷು

ಮೊನ್ನೆ ಟ್ರಂಕಿನ ತಳದಲ್ಲಿ ಏನೋ ಹುಡುಕುವಾಗ ಹಳೆಯ ನೋಟುಬುಕ್ಕೊಂದು ಕೈಗೆ ಬಂತು. ತೆರೆದದ್ದೇ ತಡ, ಒಳಗಿಂದ ಕಾಗದದ ಚೂರುಗಳು ಪಟಪಟ ಉದುರಿದವು. ಜಾಲಿಯ ಅಂಟು ಹಚ್ಚಿ ಅಂಟಿಸಿದ್ದ ಚೂರುಗಳು. ನಲವತ್ತು ವರ್ಷಕ್ಕೆ ಅಂಟು ಒಣಗಿ ಪುಡಿಯಾಗಿತ್ತು, ವಾಸನೆ ಮಾತ್ರ ಪೂರ್ತಿ ಹೋಗಿರಲಿಲ್ಲ. ಒಂದು ಚೂರನ್ನು ಎತ್ತಿ ಓದಿದೆ, ಥಟ್ಟನೆ ಮಡಿಚಿಟ್ಟೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸಾವಕಾಶವಾಗಿ.

ಆಗಿನ್ನೂ ನಿಜಾಮರ ಕಾಲ. ಗಂಗಾವತಿಯ ಸಾಲೆಯಲ್ಲಿ ನಾನು ಇಂಗ್ಲಿಷ್ ಮಾಸ್ತರ. ಹನುಮಸಾಗರದ ಒಕ್ಕಲುತನದ ಮನೆಯಿಂದ ಬಂದು, ಉರ್ದುವಿನಲ್ಲಿ ಓದಿ ಪಾಸಾಗಿ, ಇಂಗ್ಲಿಷ್ ಕಲಿಸಲು ನಿಂತವನಿಗೆ ಎಷ್ಟು ಇಂಗ್ಲಿಷ್ ಬರುತ್ತಿತ್ತೆಂಬುದನ್ನು ನೀವೇ ಊಹಿಸಿಕೊಳ್ಳಿ. ಬಿಡಿ ಪದಗಳು ಬೇಕಾದಷ್ಟಿದ್ದವು. ಜೋಡಿಸಿದರೆ ಮಾತ್ರ ಅದು ಬಿಳಿಯ ದೊರೆಗಳ ಇಂಗ್ಲಿಷ್ ಆಗುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯ ಹುಡುಕಿದ್ದೆ. ಅವರ ಪಂಡಿತರು ಬರೆದ ಲೇಖನಗಳಲ್ಲಿ ಮತ್ತೆ ಮತ್ತೆ ಒಟ್ಟಿಗೇ ಬರುವ ಪದಗಳ ಕಟ್ಟುಗಳನ್ನು ಹಳೆಯ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿಡುವುದು. ಶುರುಮಾಡಲು ಬೇಕಾದವು ಒಂದು ಪುಟ, ಅನುಮಾನ ತೋರಿಸಲು ಒಂದು ಪುಟ, ಮುಗಿಸಲು ಒಂದು ಪುಟ. ಕಿರಾಣಿ ಅಂಗಡಿಯ ಡಬ್ಬಿಗಳಂತೆ ಎಲ್ಲ ವಿಂಗಡ. ನನಗೆ ಬಲು ಮೆಚ್ಚಿನದು ‘ಆಸ್ ಈಸ್ ವೆಲ್ ನೋನ್’, ಅಂದರೆ ‘ಎಲ್ಲರಿಗೂ ತಿಳಿದಿರುವಂತೆ’. ಅದನ್ನು ಮುಂದಿಟ್ಟರೆ ಎಂಥ ಬಡ ವಾಕ್ಯವೂ ಕೋಟು ತೊಟ್ಟು ನಿಲ್ಲುತ್ತಿತ್ತು.

ಜಾಲಿಯ ಅಂಟು ತಂದುಕೊಡುತ್ತಿದ್ದವರು ನಮ್ಮ ಡ್ರಾಯಿಂಗ್ ಮಾಸ್ತರರಾದ ಇಮಾಮಸಾಬರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ನಾನು ಅವರನ್ನು ಮಾಸ್ತರ ಅನ್ನುತ್ತಿದ್ದೆ, ಅವರೂ ನನ್ನನ್ನು ಮಾಸ್ತರ ಅನ್ನುತ್ತಿದ್ದರು. ತಂದೆ ಕಲ್ಲು ಒಡೆಯುವವರು. ಮಗ ಬಣ್ಣದ ಪೆಟ್ಟಿಗೆ ಹಿಡಿದರೂ ಕಿವಿ ಮಾತ್ರ ತಂದೆಯದೇ. ಹೊಸ ಮನೆ ಕಂಡರೆ ಮೆಟ್ಟಿಲ ಕಲ್ಲನ್ನು ಕೋಲಿನಿಂದ ಕುಟ್ಟಿ ಸಪ್ಪಳ ಕೇಳದೆ ಒಳಗೆ ಕಾಲಿಡುತ್ತಿರಲಿಲ್ಲ. ಹೆಣ್ಣು ನೋಡಲು ಹೋದಲ್ಲಿಯೂ ಹೀಗೆ ಕುಟ್ಟಿದ್ದರಂತೆ. ಅದನ್ನು ಅವರ ಹೆಂಡತಿಯೇ ನಗುತ್ತ ಹೇಳುತ್ತಿದ್ದರು.

ಊರಿಂದಾಚೆ ಒಂದು ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಹಳೆಯ ಕಲ್ಲುಮನೆಗಳಿದ್ದವು. ಜನ ಮೋರೇರ ಮನಿ ಅನ್ನುತ್ತಿದ್ದರು. ಅಷ್ಟು ತೆಳುವಾದ, ಅಷ್ಟು ದೊಡ್ಡ ಚಪ್ಪಡಿಗಳನ್ನು ಉಳಿಯಿಲ್ಲದ ಕಾಲದವರು ಹೇಗೆ ಎಬ್ಬಿಸಿದರೆಂಬುದು ಪಂಡಿತರಿಗೆ ಒಗಟು. ಒಂದು ಶುಕ್ರವಾರದ ರಜೆಗೆ ಮಾಸ್ತರರು ನನ್ನನ್ನು ಅಲ್ಲಿಗೆ ಎಳೆದೊಯ್ದರು. ಹಾಸುಬಂಡೆಯ ಮೇಲೆ ಕೂತು ಕುಟ್ಟುತ್ತ ಕುಟ್ಟುತ್ತ ಸರಿದವರು ಒಂದು ಕಡೆ ನಿಂತರು.

“ಇಲ್ಲಿ ಕಿವಿ ಕೊಡ್ರಿ ಮಾಸ್ತರ. ಒಳಗ ಪೊಳ್ಳ ಐತಿ. ಕಟ್ಟಿಗಿ ಸುಟ್ಟು, ಬಂಡೆ ಕಾಸಿ, ಪದರ ಎಬ್ಬಿಸ್ಯಾರ. ನಮ್ಮಪ್ಪನೂ ಹಿಂಗ ಮಾಡತಿದ್ದ.”

ಅರ್ಧ ಎದ್ದ ಚಪ್ಪಡಿಯೊಂದು ಅಲ್ಲೇ ಇತ್ತು. ಅದರ ಸಂದಿಯಲ್ಲಿ ಯಾರೋ ಸಿಗಿಸಿದ ಗುಂಡುಕಲ್ಲು ಇನ್ನೂ ಹಾಗೇ ಇತ್ತು. ಮಾಸ್ತರರು ಅದನ್ನು ಮುಟ್ಟಲಿಲ್ಲ. “ಊಟಕ್ಕ ಹೋಗ್ಯಾರ ನೋಡ್ರಿ, ತಿರುಗಿ ಬಂದಿಲ್ಲ,” ಅಂದರು.

ಇದನ್ನು ಬರೆದು ಪಂಡಿತರ ಇಂಗ್ಲಿಷ್ ಪತ್ರಿಕೆಗೆ ಕಳಿಸಬೇಕೆಂದು ಹಟ ಹಿಡಿದವನು ನಾನೇ. ತಮ್ಮ ತಂದೆಯ ಕಸುಬಿನ ಮಾತು ಅಚ್ಚಾಗುತ್ತದೆಂದು ಅವರಿಗೂ ಆಸೆ ಹುಟ್ಟಿತು. ತಿಂಗಳುಗಟ್ಟಲೆ ಅವರು ಚಿತ್ರ ಬರೆದರು, ಅಳತೆ ತೆಗೆದರು, ಕನ್ನಡದಲ್ಲಿ ಹೇಳಿದರು. ‘ನಾನು ಕುಟ್ಟಿ ನೋಡಿದೆ, ನಮ್ಮಪ್ಪ ಹೀಗೆ ಮಾಡುತ್ತಿದ್ದ’ ಎಂದು ಅವರು ಹೇಳಿದ್ದೆಲ್ಲ ನನಗೆ ತೀರಾ ಹಳ್ಳಿಯ ಮಾತಾಗಿ ಕಂಡಿತು. ನೋಟುಬುಕ್ಕು ತೆರೆದೆ. ‘ನಾನು’ ಇದ್ದಲ್ಲೆಲ್ಲ ‘ಎಲ್ಲರಿಗೂ ತಿಳಿದಿರುವಂತೆ’ ಬಂದು ಕೂತಿತು. ಓದಿ ಅರ್ಥ ಹೇಳಿದಾಗ ಮಾಸ್ತರರು ತಲೆದೂಗಿದರು. “ಛಲೋ ಆತು ಬಿಡ್ರಿ. ನಾ ಕಂಡೆ, ನಾ ಕಂಡೆ ಅಂತ ಹೇಳಿಕೊಳ್ಳೂದು ಚಂದ ಅಲ್ಲ. ನಮ್ಮ ಮಂದಿಗೆಲ್ಲ ಗೊತ್ತಿದ್ದದ್ದ ಐತಲ್ಲ!”

ಉತ್ತರ ಬಂತು. ಬರೆದವರು ಸಭ್ಯರು. ಲೇಖಕರೇ ಹೇಳುವಂತೆ ಇದೆಲ್ಲ ಎಲ್ಲರಿಗೂ ತಿಳಿದ ಸಂಗತಿ, ಆದ್ದರಿಂದ ಮತ್ತೆ ಅಚ್ಚು ಮಾಡುವ ಅಗತ್ಯ ಕಾಣದು ಎಂದು ಎರಡೇ ಸಾಲು. ಮಾಸ್ತರರಿಗೆ ಇಂಗ್ಲಿಷ್ ಬಾರದು. ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.

“ಏನ್ ಬರದಾರ್ರಿ?”

“ಪತ್ರಿಕಾದಾಗ ಜಾಗಾ ಇಲ್ಲಂತರಿ.”

“ಇರಲಿ ಬಿಡ್ರಿ. ದೊಡ್ಡ ಮಂದಿ, ನೂರೆಂಟು ಕೆಲಸ ಇರತಾವ,” ಎಂದು ನನಗೇ ಸಮಾಧಾನ ಹೇಳಿದರು.

ಎರಡು ವರ್ಷದ ಮೇಲೆ ಅದೇ ಪತ್ರಿಕೆಯಲ್ಲಿ ಒಬ್ಬ ದೊರೆ ಅದೇ ವಿಷಯ ಬರೆದ. ಕದ್ದದ್ದಲ್ಲ, ಅವನೂ ಬೇರೆಲ್ಲೋ ಕಣ್ಣಾರೆ ಕಂಡವನೇ. ನಾನು ಆ ಲೇಖನದಲ್ಲಿ ನನ್ನ ಡಬ್ಬಿಯ ಸರಕಿಗಾಗಿ ಹುಡುಕಿದೆ. ಒಂದೆರಡು ಬಿಟ್ಟರೆ ಇರಲೇ ಇಲ್ಲ. ‘ನಾನು ಹೋದೆ, ನಾನು ನೋಡಿದೆ, ಹಾಗೆಂದು ನನಗೆ ಅನಿಸಿತು’ ಎಂದೇ ಬರೆದಿದ್ದ. ನಾನು ತಿದ್ದಿ ಅಳಿಸಿದ್ದ ಮಾಸ್ತರರ ವಾಕ್ಯಗಳೇ ಅವು. ಸುದ್ದಿ ಹೇಳಿದರೆ ಮಾಸ್ತರರು ಬೇಸರ ಪಡುವರೆಂದುಕೊಂಡಿದ್ದೆ. “ನೋಡಿದ್ರೇನ್ರಿ! ನಮ್ಮಪ್ಪ ಹೇಳಿದ್ದು ಖರೇನ ಆತು!” ಎಂದು ಇಡೀ ಸಾಲೆಗೆ ಪೇಢೆ ಹಂಚಿದರು. ನನ್ನ ಪಾಲಿನ ಪೇಢೆಯನ್ನು ಸಾಲೆಯ ಹುಡುಗನೊಬ್ಬನಿಗೆ ಕೊಟ್ಟುಬಿಟ್ಟೆ. ಪತ್ರಿಕೆಯವರು ನಿಜಕ್ಕೂ ಬರೆದದ್ದೇನೆಂದು ಆಗಲಾದರೂ ಹೇಳಬಹುದಿತ್ತು. ಧೈರ್ಯವಾಗಲಿಲ್ಲ. ಆಮೇಲೆ ನನಗೆ ಕುಷ್ಟಗಿಗೆ ವರ್ಗವಾಯಿತು, ಮುಂದೊಂದು ದಿನ ಅವರು ತೀರಿಕೊಂಡ ಸುದ್ದಿ ಬಂತು.

ನಿನ್ನೆ ಎದುರುಮನೆಯ ಶಾರದಾ ಕಾಲೇಜಿಗೆ ಬರೆದ ಇಂಗ್ಲಿಷ್ ಪ್ರಬಂಧ ತಿದ್ದಿಸಲು ಬಂದಳು. ಕೌದಿ ಹೊಲಿಯುವ ವಿಷಯ. ಹಳೆಯ ಸೀರೆಯ ಪದರ ಜರುಗದಂತೆ ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುವುದನ್ನು ವಿವರಿಸಿ, ಮೊದಲಿಗೇ ‘ಎಲ್ಲರಿಗೂ ತಿಳಿದಿರುವಂತೆ’ ಎಂದು ಬರೆದಿದ್ದಳು. ಮೊನ್ನೆ ನಾನು ಓದಿ ಮಡಿಚಿಟ್ಟ ಚೂರಿನಲ್ಲಿದ್ದುದೂ ಅದೇ.

“ಇದನ್ನ ಯಾರು ಹೇಳಿದ್ರವ್ವ ನಿನಗ?”

“ನಮ್ಮವ್ವ ಹೇಳ್ಯಾಳ್ರಿ ಅಜ್ಜ.”

“ಹಂಗಾದ್ರ ಅವ್ವನ ಹೆಸರು ಹಾಕು.”

“ಇಂಗ್ಲಿಷಿನ್ಯಾಗ ಹಂಗ ಬರದ್ರ ನಡೀತೈತೇನ್ರಿ? ನಿಮಗ ಯಾರು ಕಲಿಸಿದ್ರು ಇದನ್ನ?”

ಬೇರೆಯವರು ಕೇಳಿದ್ದರೆ ಯಾವುದೋ ಪುಸ್ತಕದ ಹೆಸರು ಹೇಳಿಬಿಡುತ್ತಿದ್ದೆ.

“ಯಾರೂ ಕಲಿಸಲಿಲ್ಲವ್ವ. ಇಮಾಮಸಾಬ್ ಮಾಸ್ತರ ಅಂತ ಒಬ್ಬರಿದ್ದರು. ಅವರ ಕೆಲಸ ಕೆಡಿಸಿ ಕಲತೆ.”

ಹುಡುಗಿ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಆ ತಪ್ಪು ನನ್ನದೆಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಿಸಿಕೊಳ್ಳಬೇಕಾದವರು ಮಾತ್ರ ಇರಲಿಲ್ಲ.