ನೀರಿನಡಿಯ ರಾಣಿ

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಆ ಕಾಲಕ್ಕೆ ಗೊರೂರಿನ ನೀರಾವರಿ ಕ್ವಾರ್ಟರ್ಸ್‌ನಲ್ಲಿ ಮಕ್ಕಳಿಗಿಂತ ಖಾಲಿ ಮನೆಗಳೇ ಹೆಚ್ಚಿದ್ದವು. ಹೇಮಾವತಿ ಅಣೆಕಟ್ಟೆಯ ಕೆಲಸ ಮುಗಿದು ಅನೇಕರು ವರ್ಗವಾಗಿ ಹೋಗಿದ್ದರು. ನನ್ನ ಓರಗೆಯವಳೆಂದರೆ ಜಯ ಒಬ್ಬಳೇ. ತಾಯಿ ತೀರಿಕೊಂಡ ಮೇಲೆ ಅವಳು ವಾಚ್‌ಮನ್ ಆಗಿದ್ದ ಚಿಕ್ಕಪ್ಪನ ಮನೆಗೆ ಅಜ್ಜಿಯ ಜೊತೆ ಬಂದಿದ್ದಳು.

ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಖಾಲಿ ಸಿಮೆಂಟ್ ಗೋಡೌನಿನ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ರಾಜ್ಯ ಬರೆದೆವು. ಹಿನ್ನೀರಿನ ತಳದಲ್ಲಿರುವ ರಾಜ್ಯ. ಹುಣಸೆಬೀಜಗಳೇ ಪ್ರಜೆಗಳು, ಹಸಿರು ಬಳೆಚೂರು ರಾಣಿ. ಹಳೇ ಸಿಮೆಂಟಿನ ವಾಸನೆಯ ನಡುವೆ, ಜಯ ಲಂಗದ ತುದಿಯಲ್ಲಿ ಕಟ್ಟಿ ತರುತ್ತಿದ್ದ ಹುರಿಗಾಳು ತಿನ್ನುತ್ತಾ ಆಡುತ್ತಿದ್ದೆವು. ನಿಯಮ ಇಷ್ಟೇ: ಹಿನ್ನೀರು ಏರಲಿ, ಇಳಿಯಲಿ, ಯಾಕೆಂದು ಇಬ್ಬರೂ ಹೇಳಬೇಕು. ಯಾರ ಮಾತನ್ನು ಇನ್ನೊಬ್ಬಳು ಒಪ್ಪುತ್ತಾಳೋ ಆ ಗೆದ್ದವಳಿಗೆ ರಾಜ್ಯದಲ್ಲಿ ಒಂದು ಮನೆ.

"ರಾಣಿ ಬಾಗ್ಲು ತಗುದ್ಲು ಕಣೇ, ಅದ್ಕೇ ನೀರು ಇಳೀತು," ಅನ್ನುತ್ತಿದ್ದಳು ಜಯ.

"ಊಹೂಂ, ಕಾಲುವೆಗೆ ಬಿಟ್ರು," ಅನ್ನುತ್ತಿದ್ದೆ ನಾನು. ನಮ್ಮಪ್ಪ ದಿನಾ ಬೆಳಿಗ್ಗೆ ನೀರಿನ ಮಟ್ಟ ನೋಡಿ ಬರೆಯುವವರು. ಅದರ ಜಂಬವೆಲ್ಲ ನನಗೆ.

ಅವಳೂ ಒಪ್ಪಳು, ನಾನೂ ಒಪ್ಪೆ. ಹಾಗಾಗಿ ಆಟ ಮುಗಿಯುತ್ತಲೇ ಇರಲಿಲ್ಲ. ನನಗೆ ಅಷ್ಟು ಖುಷಿ ಕೊಟ್ಟ ಆಟ ಮತ್ತೊಂದಿಲ್ಲ.

ಒಂದು ಮಧ್ಯಾಹ್ನ ಅವಳು ಬಳೆಚೂರನ್ನು ಅಂಗೈಯಲ್ಲಿಟ್ಟುಕೊಂಡು, "ಯಾರ್ಗೂ ಯೋಳ್ಬೇಡ. ರಾಣಿ ನಮ್ಮವ್ವ ಕಣೇ. ಅವ್ವ ತೌರ್ಗೋಗವ್ಳೆ ಅಂತ ಅಜ್ಜಿ ಯೋಳ್ತು. ಅವ್ವನ ತೌರು ನೀರೊಳ್ಗೇ ಅಲ್ವಾ ಇರಾದು?" ಎಂದಳು.

ಅವಳ ತಾಯಿಯ ತವರೂರು ಮುಳುಗಡೆಯಾಗಿದ್ದು ನಿಜ. ಅತ್ತು ಹಟ ಹಿಡಿದ ಮಗುವನ್ನು ಸುಮ್ಮನಾಗಿಸಲು ಅಜ್ಜಿ ಆಡಿದ ಮಾತದು. ನನಗದು ಗೊತ್ತಾಯಿತು. ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಬುದ್ಧಿ ಮಾತ್ರ ಇರಲಿಲ್ಲ.

ರಜೆ ಮುಗಿಯುವ ಹೊತ್ತಿಗೆ ನೀರು ಪೂರಾ ಇಳಿದು ಆ ಊರಿನ ಗೋಡೆಗಳು ಕಂಡವೆಂದು ಅಪ್ಪ ಹೇಳಿದರು. "ಬಾ, ನೋಡೇಬಿಡಾಣ," ಎಂದು ಜಯಳನ್ನು ಕರೆದೆ. ಅವಳು ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿಸಿಕೊಂಡು, ಹಬ್ಬದ ಲಂಗ ಉಟ್ಟು ಬಂದಳು. ಯಾಕೆಂದು ಗೊತ್ತಿದ್ದೂ ಕರೆದುಕೊಂಡು ಹೋದೆ.

ಬಿರಿದ ಕೆಸರು, ಸತ್ತ ಮೀನಿನ ನಾತ, ಮೊಣಕಾಲೆತ್ತರದ ಗೋಡೆಗಳು. ಒಂದು ಒರಳುಕಲ್ಲು. ಜಯ ಮೆಲ್ಲಗೆ "ಅವ್ವಾ" ಎಂದಳು. ಇನ್ನೊಂದು ಸಲ ಕೂಗಲಿಲ್ಲ.

"ನೋಡ್ದಾ? ಯಾರೂ ಇಲ್ಲ. ನಾನ್ ಹೇಳಿದ್ದೇ ನಿಜ," ಎಂದೆ.

ಅವಳು ಲಂಗದ ತುದಿಯ ಗಂಟು ಬಿಚ್ಚಿ, ತಂದಿದ್ದ ಹುರಿಗಾಳನ್ನೆಲ್ಲ ಆ ಒರಳಿಗೆ ಸುರಿದಳು. "ಒಪ್ಕಂಡೆ ಕಣೇ. ಎಲ್ಲಾ ಮನೇನೂ ನಿಂದೇಯ," ಎಂದು ತಿರುಗಿ ನಡೆದಳು.

ಮತ್ತೆ ಅವಳು ಗೋಡೌನಿಗೆ ಬರಲಿಲ್ಲ. ಶಾಲೆ ಶುರುವಾಗುವ ಮೊದಲೇ ಚಿಕ್ಕಪ್ಪನಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ನಾನೊಬ್ಬಳೇ ಕೂತು ಎಲ್ಲಾ ಮನೆಗಳಲ್ಲೂ ನನ್ನ ಹೆಸರು ಬರೆದೆ. ಬರೆದು ಮುಗಿಸಿ ಅತ್ತೆ.

ಈಗ ಹಾಸನದಲ್ಲಿದ್ದೇನೆ. ಹೇಮಾವತಿಯ ಮಟ್ಟ ಬೆಳಿಗ್ಗೆ ಫೋನಿಗೇ ಬರುತ್ತದೆ, ಒಳಹರಿವು ಹೊರಹರಿವು ಸಮೇತ. ಬೇಸಿಗೆಯಲ್ಲಿ ಅದು ಇಳಿದಾಗಲೆಲ್ಲ, "ಕಾಲುವೆಗೆ ಬಿಟ್ರು," ಎಂದು ಜೋರಾಗಿಯೇ ಹೇಳಿ ಸ್ವಲ್ಪ ಹೊತ್ತು ಕಾಯುತ್ತೇನೆ. ಅಲ್ಲ ಕಣೇ ಎನ್ನುವವರು ಯಾರೂ ಇಲ್ಲ.