ಗಟ್ಟಿ ಕುರ್ಚಿಯ ಅಳತೆ

ಐವತ್ತೊಂದನೇ ವಯಸ್ಸಿನಲ್ಲಿ ನಾನು ಪ್ಯಾಂಟ್ ಹಾಕಿಕೊಳ್ಳುವ ಮನಸ್ಸು ಮಾಡಿದ್ದಕ್ಕೆ ಕಾರಣ ಒಂದು ಏಣಿ. ಬೆಳಗಾವಿಯ ಆಸ್ಪತ್ರೆಯೊಂದರ ಕಡತಗಳ ಕೋಣೆಯಲ್ಲಿ ನನ್ನ ಕೆಲಸ. ಹಳೇ ರೋಗಿಗಳ ಕಾಗದಗಳೆಲ್ಲ ಮೇಲಿನ ಹಲಗೆಗಳಲ್ಲಿವೆ. ಯಾರಾದರೂ ಕೇಳಿದಾಗಲೆಲ್ಲ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಏಣಿ ಹತ್ತಬೇಕು. ಇಪ್ಪತ್ತಾರು ವರ್ಷ ಹಾಗೇ ಹತ್ತಿದೆ. ಅವ್ವ ತೀರಿಕೊಂಡ ಎರಡು ತಿಂಗಳಿಗೆ ನೆರಿಗೆ ಕಾಲಿಗೆ ಸಿಕ್ಕಿ ಮೂರನೇ ಮೆಟ್ಟಿಲಿನಿಂದ ಜಾರಿ ಬಿದ್ದೆ. ದೊಡ್ಡ ಪೆಟ್ಟೇನೂ ಆಗಲಿಲ್ಲ. ನೆಲದ ಮೇಲೆ ಕೂತವಳಿಗೆ, ಸದ್ಯ ಮನೆಗೆ ಹೋಗಿ ಇದನ್ನು ಯಾರಿಗೂ ಹೇಳಬೇಕಾಗಿಲ್ಲ, ಬೈಸಿಕೊಳ್ಳಬೇಕಾಗಿಲ್ಲ ಅನ್ನಿಸಿತು. ಆಮೇಲೆ, ಬೈಯಲು ಮನೆಯಲ್ಲಿ ಯಾರೂ ಇಲ್ಲ ಎಂಬುದು ನೆನಪಾಗಿ ಅಳು ಬಂತು. ಅತ್ತು ಮುಗಿಸಿ, ಇನ್ನು ಈ ಸೀರೆಯ ಸಹವಾಸ ಸಾಕು ಎಂದುಕೊಂಡೆ.

ನನ್ನ ಮನೆ ಖಾನಾಪುರದಲ್ಲಿ. ದಿನವೂ ರೈಲಿನಲ್ಲಿ ಬೆಳಗಾವಿಗೆ ಹೋಗಿ ಬರುತ್ತೇನೆ. ಮದುವೆ ಆಗಲಿಲ್ಲ, ಆಗಲಿಲ್ಲ ಅಷ್ಟೇ, ಅದರ ಹಿಂದೆ ಕಥೆಯೇನೂ ಇಲ್ಲ. ಅವ್ವ ನಾನು ಇಬ್ಬರೇ ಇದ್ದೆವು. ಅವ್ವ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆ ಜಂಪರ್, ಅಂದರೆ ಸೀರೆಯ ರವಿಕೆ, ಹೊಲಿದು ಕೊಡುತ್ತಿದ್ದಳು. ಅವಳು ಹೋದ ಮೇಲೆ ಹದಿನೈದು ದಿನ ಜನ ಬಂದರು. ಬಂದವರಿಗೆಲ್ಲ ನಾನು "ಏನೂ ಬ್ಯಾಡ್ರಿ, ನಾ ಆರಾಮ ಅದೀನ್ರಿ" ಎಂದು ಹೇಳಿ ಬಾಗಿಲು ಹಾಕಿಕೊಂಡೆ. ನನ್ನ ಸ್ವಭಾವವೇ ಹಾಗೆ. ಒಂದು ಸಲ ಬೇಡ ಎಂದರೆ ಎರಡನೇ ಸಲ ಕೇಳಬಾರದು ಎಂದೂ ಅನ್ನಿಸುತ್ತದೆ, ಕೇಳದಿದ್ದರೆ ಸಿಟ್ಟೂ ಬರುತ್ತದೆ. ಜನ ಎರಡನೇ ಸಲ ಕೇಳಲಿಲ್ಲ.

ಮೊದಲು ಬೆಳಗಾವಿಯ ಖಡೇ ಬಜಾರಿನಲ್ಲಿ ರೆಡಿಮೇಡ್ ಹುಡುಕಿದೆ. ಸೊಂಟಕ್ಕೆ ಆದದ್ದು ತೊಡೆಯಲ್ಲಿ ಹತ್ತಲಿಲ್ಲ, ತೊಡೆಗೆ ಆದದ್ದು ಸೊಂಟದಲ್ಲಿ ನಿಲ್ಲಲಿಲ್ಲ. ಲೇಡೀಸ್ ಟೇಲರ್ ಹೆಂಗಸು, "ಜಂಪರ್, ಚೂಡಿದಾರ ಏನ್ ಬೇಕಾದ್ರೂ ಕೊಡ್ರಿ, ಪ್ಯಾಂಟ್ ನಮ್ಮ ಕೈಲೆ ಆಗೂದಿಲ್ರಿ" ಎಂದಳು. ಗಂಡಸರ ಟೇಲರ್ ಅಂಗಡಿಗೆ ಹೋದರೆ ಅಲ್ಲಿಯ ವಯಸ್ಸಾದ ದರ್ಜಿ ಕೊರಳಿನ ಟೇಪನ್ನು ಕೈಗೇ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ನೋಡದೆ, "ಬಾಯಾರ, ಅಳತಿಗೆ ಒಂದ್ ಹಳೇ ಪ್ಯಾಂಟ್ ತಂದ್ ಕೊಟ್ಟಬಿಡ್ರಿ. ನಿಮ್ಮ ಯಜಮಾನ್ರದ್ದಿದ್ರೂ ನಡೀತೈತಿ" ಎಂದರು.

ನಮ್ಮ ಕಡೆ ಅಳತೆ ಕೊಡುವುದೆಂದರೆ ಹೀಗೇ. ಮೈಗೆ ಸರಿಯಾಗಿ ಆಗುವ ಹಳೇ ಬಟ್ಟೆಯೊಂದನ್ನು ದರ್ಜಿಯ ಮುಂದೆ ಇಡುವುದು. ಯಾವತ್ತೂ ಪ್ಯಾಂಟ್ ಹಾಕದವಳ ಹತ್ತಿರ ಹಳೇ ಪ್ಯಾಂಟ್ ಎಲ್ಲಿಂದ ಬರಬೇಕು? "ನಮ್ಮ ಯಜಮಾನ್ರು ಧೋತರ ಉಡ್ತಾರ್ರಿ" ಎಂದು ಹೇಳಿ ಅಂಗಡಿಯ ಮೆಟ್ಟಿಲು ಇಳಿದೆ. ಇಲ್ಲದ ಗಂಡನಿಗೆ ಧೋತರ ಉಡಿಸಿದ್ದಕ್ಕೆ ಸ್ಟೇಷನ್ನಿನವರೆಗೂ ನಗು ಬರುತ್ತಿತ್ತು. ಆ ನಗುವನ್ನೂ ಹೇಳಿಕೊಳ್ಳಲು ಯಾರೂ ಸಿಗಲಿಲ್ಲ.

ಆ ಭಾನುವಾರ ಅವ್ವನ ಮಷಿನ್ ಮೇಲಿನ ಮುಸುಕು ತೆಗೆದು ಎಣ್ಣೆ ಬಿಟ್ಟೆ. ಅದರ ಡ್ರಾವರಿನಲ್ಲಿ ಅವ್ವನ ಅಳತೆ ಪುಸ್ತಕ ಸಿಕ್ಕಿತು. ನೂರು ಪುಟದ ನೋಟ್‌ಬುಕ್. ಓಣಿಯ ಹೆಂಗಸರೆಲ್ಲರ ಎದೆ, ತೋಳು, ಬೆನ್ನು ಅದರಲ್ಲಿವೆ. ಬಸುರಿಯಾಗಿದ್ದಾಗಿನ ಅಳತೆ ಬೇರೆ, ಬಾಣಂತನದ್ದು ಬೇರೆ. ಮೊದಲ ಪುಟದಿಂದ ಕೊನೆಯವರೆಗೆ ಹುಡುಕಿದೆ, ನನ್ನದು ಮಾತ್ರ ಇರಲಿಲ್ಲ. ನನ್ನನ್ನು ಅಳೆದು ಬರೆದಿಡುವ ಅಗತ್ಯ ಅವಳಿಗಿರಲಿಲ್ಲ, ಕಣ್ಣಳತೆಯಲ್ಲೇ ಕತ್ತರಿಸುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ಹಾಗಾಗಿ ನನ್ನ ಅಳತೆಯೂ ಅವಳ ಜೊತೆಗೇ ಹೋಗಿಬಿಟ್ಟಿತ್ತು.

ಫೋನಿನಲ್ಲಿ ವಿಡಿಯೋ ನೋಡಿ ನಾಲ್ಕೈದು ತಿಂಗಳು ಕಲಿತೆ. ಮರಾಠಿಯಲ್ಲಿ ಹೇಳಿಕೊಡುವ ಒಬ್ಬ ಹೆಂಗಸು, ಗಡಿಬಿಡಿಯಿಲ್ಲದ ದನಿ. ಅವಳನ್ನು ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಮಾತಾಡಿಸಿ, ಖಾಕಿ ಕಾಗದದ ಮೇಲೆ ಗೆರೆ ಎಳೆದೆ. ಪ್ಯಾಂಟ್ ಎಂದರೆ ಎರಡು ಕೊಳವೆ ಕೂಡಿಸಿದರಾಯಿತು ಎಂದುಕೊಂಡಿದ್ದೆ. ಅಲ್ಲ. ಮುಂದಿನ ತುಂಡು ಬೇರೆ, ಹಿಂದಿನ ತುಂಡು ಬೇರೆ; ಎರಡು ಕಾಲು ಕೂಡುವಲ್ಲಿ ಒಂದು ಕಮಾನು ಬರುತ್ತದೆ, ಅದು ಹಿಂದೆ ಆಳ, ಮುಂದೆ ಗಿಡ್ಡ. ಆ ಕಮಾನು ಎಷ್ಟು ಕೆಳಗಿರಬೇಕು ಎಂದು ತಿಳಿಯಲು ಒಂದು ಅಳತೆ ಬೇಕು. ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಸೊಂಟದಿಂದ ಕುರ್ಚಿಯ ಹಲಗೆಯವರೆಗೆ ಪಕ್ಕದಲ್ಲಿ ಟೇಪು ಇಳಿಬಿಡಬೇಕು. "ಗಟ್ಟಿ ಕುರ್ಚಿ" ಎಂದು ಆ ಹೆಂಗಸು ಎರಡೆರಡು ಸಲ ಹೇಳಿದಳು.

ನಮ್ಮ ಮನೆಯಲ್ಲಿ ಗಟ್ಟಿ ಕುರ್ಚಿ ಒಂದೇ ಇದೆ. ಸಾಗವಾನಿಯದು, ಕೈ ಇರುವುದು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮಣ್ಣಿನಲ್ಲೂ ಕೂತಂತೆಯೇ ಇಡುತ್ತೇವೆ. ಅವ್ವನನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಕುರ್ಚಿಯಲ್ಲಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹೂವು, ತಲೆ ವಾಲದಂತೆ ಹಿಂದಿನಿಂದ ಒಂದು ಬಟ್ಟೆಯ ಆಸರೆ. ಬಾಗಿಲಲ್ಲಿ ನಿಂತು ನೋಡಿದರೆ ಯಾರದೋ ಜಂಪರ್ ಅಳತೆಗೆ ಕಾಯುತ್ತಾ ಕೂತಂತಿದ್ದಳು. ಅವತ್ತಿನಿಂದ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ನಾನು ಅದನ್ನು ಮೂಲೆಗೆ ಸರಿಸಿ ಒಗೆದ ಬಟ್ಟೆ ಪೇರಿಸುತ್ತಿದ್ದೆ. ಬಟ್ಟೆ ಮಡಚಿಟ್ಟ ದಿನ ಕುರ್ಚಿ ಬರಿದಾಗಿ ಕಾಣುತ್ತದೆಂದು ಮಡಚುವುದನ್ನೇ ಬಿಟ್ಟಿದ್ದೆ.

ಹಾಗಾಗಿ ಮಂಚದ ಮೇಲೆ ಕೂತು ಅಳೆದುಕೊಂಡೆ. ಹತ್ತು ಇಂಚು ಬಂತು. ಬರೆದುಕೊಂಡೆ. ಮಾಂಜರಪಾಟಿನಂಥ ಅಗ್ಗದ ಬಟ್ಟೆಯಲ್ಲಿ ಮೊದಲು ಹೊಲಿದು ನೋಡಿ ಎಂದು ವಿಡಿಯೋದವಳು ಹೇಳಿದ್ದಳು. ನಾನು ಯಾರ ಮಾತು ಕೇಳಿದ್ದೇನೆ? ನೇರವಾಗಿ ನೀಲಿ ಬಟ್ಟೆಗೇ ಕತ್ತರಿ ಹಾಕಿದೆ. ನಾಲ್ಕು ಭಾನುವಾರ ಹಿಡಿಯಿತು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಚೆನ್ನಾಗಿಯೇ ಇತ್ತು. ಮೇಲೆ ಉದ್ದ ಕುರ್ತಾ ಹಾಕಿ ಸೋಮವಾರ ರೈಲು ಹತ್ತಿದೆ.

ಕೂತ ತಕ್ಷಣ ತಿಳಿಯಿತು. ಮುಂದೆ ಹೊಲಿಗೆ ತೊಡೆಸಂದಿಗೆ ಕಚ್ಚಿಕೊಂಡಿತು, ಹಿಂದೆ ಸೊಂಟಪಟ್ಟಿ ಮೂರು ಬೆರಳು ಕೆಳಗೆ ಜಾರಿತು. ಎದ್ದು ನಿಂತೆ. ಎದುರಿನ ಹೆಂಗಸು ತನ್ನ ಚೀಲ ಸರಿಸಿ, "ಜಗಾ ಐತೆಲ್ರಿ, ಕುಂದರ್ರಿ" ಎಂದಳು. ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತೇನೆಂದು ಸುಳ್ಳು ಹೇಳಿದೆ. ದೇಸೂರು ಬಂತು, ನಾನು ಇಳಿಯಲಿಲ್ಲ. ಆಕೆ ಮತ್ತೆ ನನ್ನ ಮುಖ ನೋಡಿದಳು. ಬೆಳಗಾವಿಯವರೆಗೆ ಕಿಟಕಿಯ ಕಡೆ ತಿರುಗಿ ನಿಂತೇ ಹೋದೆ. ಆಫೀಸಿನಲ್ಲೂ ದಿನವಿಡೀ ನಿಂತೇ ಇದ್ದೆ. ಏಣಿ ಹತ್ತುವ ಪ್ರಶ್ನೆಯೇ ಇರಲಿಲ್ಲ.

ತಪ್ಪು ಎಲ್ಲಾಗಿದೆ ಎಂದು ವಾರವೆಲ್ಲ ಯೋಚಿಸಿದೆ. ಟೇಪಿನ ಅಂಕಿ ನೋಡಲು ಬಗ್ಗುತ್ತೇನಲ್ಲ, ಬಗ್ಗಿದಾಗ ಮೈಯ ಅಳತೆಯೇ ಬದಲಾಗುತ್ತದೆ. ತಪ್ಪು ಅಲ್ಲಿಯೇ ಇರಬೇಕು ಎಂದು ತೀರ್ಮಾನಿಸಿದೆ. ಅಳತೆಗೆ ಇಬ್ಬರು ಬೇಕು, ಒಬ್ಬರು ನಿಲ್ಲಲು, ಒಬ್ಬರು ನೋಡಲು. ಇಷ್ಟು ಸಣ್ಣ ವಿಷಯ ನನಗೆ ಆ ವಾರ ಬಹಳ ದೊಡ್ಡದಾಗಿ ಕಂಡಿತು. ಯಾರನ್ನಾದರೂ ಕರೆದು ನನ್ನ ಸೊಂಟಕ್ಕೆ ಟೇಪು ಸುತ್ತಿ ಎಂದು ಕೇಳಬೇಕು. ಅವ್ವ ಹೋಗಿ ಹತ್ತು ತಿಂಗಳಾಗಿತ್ತು. ಅವತ್ತು ಹೆಂಗಸರು ತಬ್ಬಿ ಅತ್ತಿದ್ದೇ ಕೊನೆ, ಆಮೇಲೆ ನನ್ನ ಮೈ ಯಾರೂ ಮುಟ್ಟಿರಲಿಲ್ಲ. ರೈಲಿನ ನೂಕಾಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೇಳಲು ಬಾಯಿ ಬರಲಿಲ್ಲ. ಅದಕ್ಕೆ ಬೇರೆ ಉಪಾಯ ಹೂಡಿದೆ. ಮಲಗಿದರೆ ಬಗ್ಗುವ ಪ್ರಶ್ನೆ ಇಲ್ಲವಲ್ಲ! ಭಾನುವಾರ ಬೆಳಿಗ್ಗೆ ಬೆಳಕಿಗೆಂದು ಮುಂಬಾಗಿಲು ತೆರೆದು, ಪಡಸಾಲೆಯಲ್ಲಿ ಸುದ್ದಿಪತ್ರಿಕೆ ಹಾಸಿ, ಅದರ ಮೇಲೆ ಅಂಗಾತ ಮಲಗಿದೆ. ಕಾಲು ಜೋಡಿಸಿ, ಕಣ್ಣು ಸೂರಿಗೆ ನೆಟ್ಟು, ಕೈಯಲ್ಲಿದ್ದ ಸೀಮೆಸುಣ್ಣದಿಂದ ಸೊಂಟದ ಹತ್ತಿರ ಪತ್ರಿಕೆಯ ಮೇಲೆ ಒಂದು ಗುರುತು ಹಾಕಿದೆ.

"ಅಗ ಬಾಯೀ!" ಎಂಬ ಚೀತ್ಕಾರ ಕೇಳಿತು. ಜೊತೆಗೆ ಸ್ಟೀಲ್ ಡಬ್ಬಿ ಬಿದ್ದ ಸದ್ದು.

ಬಾಜು ಮನೆಯಾಕೆ; ಓಣಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ. ಗುಂಜಿ ಕಡೆಯವರು, ಮರಾಠಿ ಮನೆಮಾತು. ಚಿಕ್ಕಂದಿನಲ್ಲಿ ಕಾಡಂಚಿನಲ್ಲಿ ಎಮ್ಮೆ ಕಾಯ್ದು ಬೆಳೆದವರು, ಈಗ ಪಾಕೀಟು ಹಾಲನ್ನು ದಿನಾ ಬೈದುಕೊಂಡೇ ಕುಡಿಯುತ್ತಾರೆ. ಅವ್ವನ ಕೈಯಲ್ಲೇ ಜಂಪರ್ ಹೊಲಿಸುತ್ತಿದ್ದರು. ಅವ್ವ ಇದ್ದಾಗಿನ ನಮ್ಮ ಡಬ್ಬಿಯೊಂದು ಅವರಲ್ಲಿ ಉಳಿದಿತ್ತಂತೆ, ವಾಪಸ್ ಕೊಡಲು ಬಂದಿದ್ದರು. ನಾನು ಎದ್ದು ಕೂತ ಮೇಲೂ ಎದೆ ಹಿಡಿದುಕೊಂಡೇ ನಿಂತಿದ್ದರು.

"ಪೋರಿ, ಏನ್ ಮಾಡಾಕತ್ತಿ?"

"ಅಳತಿ ತಗೊಳ್ಳಾಕತ್ತೇನ್ರಿ ಮಾವಶಿ. ಪ್ಯಾಂಟಿಗೆ."

"ಮಲಗಿ ಅಳತಿ ತಗೋತಾರೇನ? ಮಲಗಿದವರ ಅಳತಿ ಹೆಣಕ್ಕ ತಗೋತಾರ!"

ನನಗೂ ರೇಗಿತು. "ನಿಮ್ಮಲ್ಲಿ ಮಲಗಸ್ತೀರಿ. ನಮ್ಮಲ್ಲಿ ಕುಂದರಸ್ತೇವಿ" ಎಂದೆ.

ಮಾವಶಿ ಎದೆಯಿಂದ ಕೈ ತೆಗೆದು, "ಹಂಗಾರ ಎದ್ದ ನಿಂದರು. ನಿಂತ ಹೆಣ ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ" ಎಂದರು.

ನಿಂತೆ. ಅವರು ನನ್ನ ಕೈಯಿಂದ ಟೇಪು ಕಸಿದುಕೊಂಡು ಸೊಂಟಕ್ಕೆ ಸುತ್ತಿದರು. ಬೆರಳುಗಳು ತಣ್ಣಗಿದ್ದವು, ಪಾತ್ರೆ ತೊಳೆದು ಬಂದಿದ್ದರೆಂದು ಕಾಣುತ್ತದೆ. ನನಗೆ ಮೈ ಜುಮ್ಮೆಂದಿತು. ಒಂದೊಂದೇ ಅಳತೆ ಮರಾಠಿಯಲ್ಲಿ ಹೇಳಿದರು, ನಾನು ಪತ್ರಿಕೆಯ ಅಂಚಿನಲ್ಲಿ ಬರೆದೆ. ಕೊನೆಗೆ ಕೂತು ತೆಗೆಯುವ ಅಳತೆ ಉಳಿಯಿತು. ನಾನು ಮಂಚದ ಕಡೆ ನಡೆದೆ.

"ಮದ್ಲ ಎಲ್ಲಿ ಕುಂತ ಅಳದಿದ್ದಿ?"

"ಇಲ್ಲೇ, ಮಂಚದ ಮ್ಯಾಲ."

"ಗಾದಿ ತೆಳಗ ಕುಸೀತೈತಿ, ನೀನೂ ಕುಸೀತಿ. ಅಳತಿ ಕಮ್ಮಿ ಬರೂದ ಮತ್ತ. ಇಷ್ಟ ತಿಳೀಲಿಲ್ಲೇನ ನಿನಗ? ಆ ಕುರ್ಚಿ ತಾ."

"ಬ್ಯಾಡ್ರಿ."

ಅವರು ಕುರ್ಚಿ ನೋಡಿದರು, ನನ್ನನ್ನು ನೋಡಿದರು. ಅವತ್ತು ಅವ್ವನ ತಲೆಗೆ ಆಸರೆಯಾಗಿ ಬಟ್ಟೆ ಕೊಟ್ಟವರು ಇದೇ ಮಾವಶಿ. ಹೋಗಿ ಕುರ್ಚಿಯ ಮೇಲಿನ ಬಟ್ಟೆಗಳನ್ನೆಲ್ಲ ಬಾಚಿ ಮಂಚಕ್ಕೆ ಹಾಕಿದರು. ಸೆರಗಿನಿಂದ ಧೂಳು ಒರೆಸಿ, ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದು ತಂದರು.

"ಕುಂದರು. ಆದ್ರ ಸುಮ್ಮ ಕುಂದರಬ್ಯಾಡ. ಮಾತಾಡ್ಕೋತ ಕುಂದರು. ಮಾತಾಡವರ ಅಳತಿ ತಗೊಂಡ್ರ ಏನೂ ಆಗೂದಿಲ್ಲ."

ಇದು ಯಾವ ಶಾಸ್ತ್ರವೋ, ಅಲ್ಲೇ ಹುಟ್ಟಿಸಿದ್ದೋ, ಇವತ್ತಿಗೂ ಕೇಳಿಲ್ಲ. ಕೂತೆ. ಹಲಗೆ ಗಟ್ಟಿಯಾಗಿತ್ತು, ಬೆನ್ನು ತಾನೇ ನೆಟ್ಟಗಾಯಿತು. ಏನು ಮಾತಾಡುವುದು? ತಿಂಗಳುಗಟ್ಟಲೆ ಮನೆಯಲ್ಲಿ ಮಾತಾಡದೆ ಅಭ್ಯಾಸ ತಪ್ಪಿತ್ತು. ಮೊದಲು ಧೋತರ ಉಡುವ ಯಜಮಾನರ ಕಥೆ ಹೇಳಿದೆ. ಮಾವಶಿ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟೇಪು ಹಿಡಿದವರು, ನಕ್ಕು ನಕ್ಕು ನೆಲಕ್ಕೆ ಕೈ ಊರಿದರು. ನೀಲಿ ಪ್ಯಾಂಟ್ ಹಾಕಿ ಬೆಳಗಾವಿಯವರೆಗೆ ನಿಂತು ಹೋದದ್ದು ಹೇಳಿದೆ. ಏಣಿಯಿಂದ ಬಿದ್ದದ್ದು ಹೇಳಿದೆ. "ಬಿದ್ದಿದ್ದಿ? ಯಾರಿಗರ ಹೇಳಬಾರದೇನ?" ಎಂದು ಬೈದರು. ಹತ್ತು ತಿಂಗಳ ಮೇಲೆ ಕೇಳಿದ ಬೈಗುಳ. ನನಗೆ ತಡೆದುಕೊಳ್ಳಲಾಗಲಿಲ್ಲ. "ಒಬ್ಬಾಕಿಗೇ ಇರಾಕ ಆಗವಲ್ದು ಮಾವಶಿ. ಅವ್ವನ ಅಳತಿ ಪುಸ್ತಕದಾಗ ನನ್ನದೊಂದ ಇಲ್ಲ ನೋಡ್ರಿ" ಎಂದೆ. ಇನ್ನೂ ಏನೇನೋ ಹೇಳಿದೆ. ಮೂಗು ಒರೆಸಿಕೊಂಡು ಕೆಳಗೆ ನೋಡಿದರೆ ಟೇಪು ಸುರುಳಿ ಸುತ್ತಿ ಅವರ ಮಡಿಲಲ್ಲಿತ್ತು. ಅಳತೆ ಮುಗಿದು ಎಷ್ಟು ಹೊತ್ತಾಗಿತ್ತೋ, ಅವರು ಹೇಳಿರಲಿಲ್ಲ.

ಹನ್ನೊಂದೂವರೆ ಇಂಚು. ಮಂಚಕ್ಕೂ ಕುರ್ಚಿಗೂ ಒಂದೂವರೆ ಇಂಚಿನ ಫರಕು. ಅವ್ವನ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ನನ್ನ ಅಳತೆಗಳನ್ನು ನಾನೇ ಬರೆದೆ.

ಹೊಸ ಕಾಗದ ಕತ್ತರಿಸಿದೆ. ಈ ಸಲ ಮೊದಲು ಮಾಂಜರಪಾಟಿನಲ್ಲಿ, ಆಮೇಲೆ ಬೂದು ಬಣ್ಣದ ಬಟ್ಟೆಯಲ್ಲಿ ಹೊಲಿದೆ. ಒಂದು ಬುಧವಾರ ಅದನ್ನು ಹಾಕಿಕೊಂಡು ಖಾನಾಪುರದಿಂದ ಬೆಳಗಾವಿಯವರೆಗೆ ಕೂತು ಹೋದೆ. ಆಫೀಸಿನಲ್ಲಿ ಏಳು ಸಲ ಏಣಿ ಹತ್ತಿ ಇಳಿದೆ, ಅದರಲ್ಲಿ ಎರಡು ಸಲ ಕೆಲಸವೇ ಇರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಮೈಗೆ ಸರಿಯಾಗಿ ಹೊಂದಿದ ಬಟ್ಟೆಯನ್ನು ಯಾರೂ ಗಮನಿಸುವುದಿಲ್ಲ ಎಂದು ಅವತ್ತು ತಿಳಿಯಿತು, ಸ್ವಲ್ಪ ಬೇಸರವೂ ಆಯಿತು.

ಸಂಜೆ ಸ್ಟೇಷನ್ನಿನಿಂದ ನೇರ ಮಾವಶಿಯ ಮನೆಗೆ ಹೋದೆ. ಕೀಲಿ ಹಾಕಿತ್ತು. ಲೋಂಡಾದ ಮಗಳ ಮನೆಗೆ ಹೋಗಿದ್ದಾರೆ, ಬರುವುದು ಹದಿನೈದು ದಿನವಾಗುತ್ತದೆ ಎಂದು ಎದುರು ಮನೆಯವರು ಹೇಳಿದರು. ಕೀಲಿಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದೆ.

ಕುರ್ಚಿ ಇನ್ನೂ ಬಾಗಿಲ ಹತ್ತಿರವೇ ಇತ್ತು, ಅವರು ಎಳೆದಿಟ್ಟ ಜಾಗದಲ್ಲಿ. ಅದರ ಮೇಲೆ ಮತ್ತೆ ಬಟ್ಟೆ ಪೇರಿಸಿರಲಿಲ್ಲ. ಚೀಲ ಕೆಳಗಿಟ್ಟು ಕೂತೆ. ಸೊಂಟಪಟ್ಟಿ ಜಾರಲಿಲ್ಲ, ಹೊಲಿಗೆ ಎಲ್ಲೂ ಕಚ್ಚಲಿಲ್ಲ. ಮನೆ ನಿಶ್ಶಬ್ದವಾಗಿತ್ತು. ಸುಮ್ಮನೆ ಕೂರಬಾರದು ಎಂಬ ಮಾತು ನೆನಪಾಯಿತು.

"ಅವ್ವಾ, ಬರೋಬ್ಬರಿ ಬಂದೈತಿ ನೋಡು" ಎಂದೆ, ಗಟ್ಟಿಯಾಗಿ. ಆಮೇಲೆ ಕತ್ತಲಾಗುವವರೆಗೂ ಅವಳಿಗೆ ಎಲ್ಲ ಹೇಳಿದೆ.