ಚಗಳಿ ಕಚ್ಚಿದ ಮುಖ

ಗುಂಗುರು ಗಡ್ಡವನ್ನು ದಿನಾ ಬುಡಕ್ಕೇ ಕೆರೆದರೆ ಕೂದಲು ಮಡಚಿಕೊಂಡು ಚರ್ಮದೊಳಕ್ಕೇ ಬೆಳೆಯುತ್ತದೆ. ಅಲ್ಲಿ ಗುಳ್ಳೆ ಏಳುತ್ತದೆ, ಕೀವು ಕಟ್ಟುತ್ತದೆ. ಅದು ಅಂಟುಜಾಡ್ಯವಲ್ಲ, ಕೊಳಕೂ ಅಲ್ಲ. ಇಷ್ಟು ತಿಳಿಯಲು ಡಾಕ್ಟರಿಕೆ ಓದಬೇಕಿಲ್ಲ.

ಬಾಳೂರಿನ ಗಿರಿಗೆ ಮೂವತ್ತೊಂದು ವರ್ಷ. ಅವ್ವ ಅಣ್ಣಮ್ಮ ಕಾಫಿ ಕೊಯ್ದು ಸಾಕಿದ ಮಗ. ಹತ್ತು ವರ್ಷ ಎಸ್ಟೇಟಿನ ನೆರಳಿನ ಮರ ಹತ್ತಿ, ಕೊಂಬೆ ಸವರುವ ಮರಗಸಿ ಮಾಡಿದ. ಆಗ ಅವನ ಗುಂಗುರು ಗಡ್ಡದ ಗೊಡವೆ ಯಾರಿಗೂ ಬೇಕಿರಲಿಲ್ಲ. ಮರದಿಂದ ಬಿದ್ದು ಸೊಂಟ ಕೆಟ್ಟ ಮೇಲೆ ಕಾಫಿ ತೋಟದ ಹೋಂಸ್ಟೇಯೊಂದರಲ್ಲಿ ಊಟ ಬಡಿಸುವ ಕೆಲಸ ಸಿಕ್ಕಿತು. ಸೊಂಟ ಬಗ್ಗಿಸದೆ ನಿಂತು ಮಾಡಬಹುದಾದ ಕೆಲಸ ಅದೊಂದೇ. ಅಲ್ಲಿನ ನಿಯಮ, ದಿನಾ ಕ್ಲೀನ್ ಶೇವ್.

ಮೂರು ತಿಂಗಳಲ್ಲಿ ಕುತ್ತಿಗೆ, ದವಡೆಯೆಲ್ಲ ಗುಳ್ಳೆ. ಕಳಸದ ಡಾಕ್ಟರ್ ಮೇಘಶ್ರೀ, ರೇಜರ್ ಮುಟ್ಟಬೇಡ, ಟ್ರಿಮ್ಮರ್‌ನಲ್ಲಿ ಸಣ್ಣಗೆ ಕತ್ತರಿಸು ಸಾಕು ಎಂದು ಚೀಟಿ ಬರೆದುಕೊಟ್ಟರು. ಮ್ಯಾನೇಜರ್ ಪ್ರಶಾಂತ್ ಅದನ್ನು ಓದಿ, ಮಡಚಿ, ವಾಪಸು ಕೊಟ್ಟ. ವಾರಕ್ಕೊಮ್ಮೆ ಚಿಕ್ಕಮಗಳೂರಿನ ಸಲೂನಿನಲ್ಲಿ ತಿದ್ದಿಸಿಕೊಳ್ಳುವ ಪ್ರಶಾಂತನದೇ ಗಡ್ಡ ಎದೆ ಮುಟ್ಟುತ್ತಿತ್ತು.

“ಗೆಸ್ಟ್ ಕೇಳಿದ್ರೆ ಚಗಳಿ ಕಚ್ಚಿದ್ದು ಅನ್ನು ಮಾರಾಯ,” ಎಂದ.

ಚಗಳಿ ಅಂದರೆ ಕಾಫಿ ಗಿಡದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಗಿರಿ ಹಾಗೇ ಹೇಳಿದ. ಕೇಳಿದವರು ಮಕ್ಕಳನ್ನು ಕರೆತಂದಿದ್ದ ದಂಪತಿ; ನಾಳೆ ತೋಟ ಸುತ್ತುವುದು ಬೇಡವೇ ಬೇಡ ಎಂದರು. ಅವರ ಮಾತು ಕೇಳಿ ಉಳಿದ ಕೋಣೆಯವರೂ ಹಿಂದೆಗೆದರು. ತಾನೇ ಕಲಿಸಿದ ಸುಳ್ಳು ಪ್ರಶಾಂತನಿಗೆ ನೆನಪಾಗಲಿಲ್ಲ. ಅಡುಗೆಯವರೆದುರೇ ಗಿರಿಯನ್ನು ಕರೆದು, ಈ ಮುಖ ಹೊತ್ತು ತೋಟಕ್ಕೆ ಕೆಟ್ಟ ಹೆಸರು ತಂದೆಯಲ್ಲ ಎಂದು ಬೈದ.

ಗಿರಿ ದನಿ ಏರಿಸಲಿಲ್ಲ. “ಚಗಳಿ ಕಚ್ಚಿದ್ರೆ ಸಂಜೆಗೆ ಇಳೀತದೆ ಸರ್. ಇದು ನೀವು ಕಚ್ಚಿದ್ದು.”

ಈಗ ಅವನು ಹಿತ್ತಲಲ್ಲಿ ಕೆಟ್ಟ ಸೊಂಟ ಬಗ್ಗಿಸಿ ಪಾತ್ರೆ ತಿಕ್ಕುತ್ತಾನೆ. ಗುಳ್ಳೆ ಮಾಯ್ದರೆ ಮತ್ತೆ ಬಡಿಸಬಹುದಂತೆ. ಆದರೆ ಹಿತ್ತಲಲ್ಲೂ ನಿಯಮ ನಿಯಮವೇ, ದಿನಾ ಶೇವ್ ಆಗಲೇಬೇಕು. ಮಾಯುವುದಾದರೂ ಹೇಗೆ?

ವಾರಾಂತ್ಯಕ್ಕೆ ಬೆಟ್ಟ ಹತ್ತಿ ಬರುವವರೇ, ನಿಮ್ಮ ಕಣ್ಣಿಗೆ ನುಣುಪು ಬೇಕೆಂದೇ ಈ ನಿಯಮವಂತೆ. ಹೊರಡುವಾಗ ನಿಮ್ಮ ಮುಂದೊಂದು ಅಭಿಪ್ರಾಯದ ಪುಸ್ತಕ ಇಡುತ್ತಾರಲ್ಲ, ಅದರಲ್ಲಿ ಕಾಫಿ ಚೆನ್ನಾಗಿತ್ತು ಎಂದು ಗೀಚಿ ಜಾರಿಕೊಳ್ಳಬೇಡಿ. ಬಡಿಸುವವನಿಗೆ ಗಡ್ಡ ಬಿಡಲು ಬಿಡಿ ಎಂದು ಬರೆಯಿರಿ. ಬರೆದು, ಹೆಸರು ಹಾಕಿ, ಸಹಿ ಮಾಡಿ.